ದಣಿವಾರುವ ಹೊತ್ತು

ಶ್ರಮ, ಪರಿಶ್ರಮ, ಆಶ್ರಮ, ವಿಶ್ರಾಂತಿ—ಈ ನಾಲ್ಕು ಮಾತುಗಳೂ ಒಂದೇ ಧಾತುವಿನ ಮಕ್ಕಳು. ‘ಶ್ರಮ್’ ಎಂದರೆ ದಣಿ, ಬಳಲು, ಪ್ರಯಾಸಪಡು. ಅದರ ಹಿಂದೆ ‘ವಿ’ ಸೇರಿತೆಂದರೆ ದಣಿವು ಕಳೆಯಿತು. ‘ಆ’ ಸೇರಿತೆಂದರೆ ಋಷಿಗಳು ತಪಸ್ಸಿನಿಂದ ಬಳಲುವ ಎಡೆಯಾಯಿತು. ಇಂದು ಆಶ್ರಮವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮರದ ನೆರಳು, ಜಿಂಕೆಯ ಹಿಂಡು, ತಣ್ಣನೆಯ ಹೊಳೆಯ ದಂಡೆ. ಆ ನೆರಳಿನ ಹೆಸರಿನೊಳಗೇ ಬೆವರಿನ ಧಾತುವೊಂದು ಅಡಗಿ ಕುಳಿತಿದೆಯೆಂಬುದು ನಿಘಂಟನ್ನು ತೆರೆದವರಿಗೆ ಮಾತ್ರ ಗೊತ್ತು. ವಿಶ್ರಾಂತಿಯ ಸಂಗತಿಯೂ ಅಷ್ಟೆ. ಶ್ರಮಪಡದವನಿಗೆ ಬಿಡುವು ಇದ್ದೀತು, ವಿಶ್ರಾಂತಿ ಎಲ್ಲಿಂದ ಬಂದೀತು?

ದೇಶ್ಯ ಪದಗಳ ಕಡೆಗೆ ತಿರುಗಿದರೆ ಇನ್ನೂ ಸ್ವಾರಸ್ಯವುಂಟು. ‘ದಣಿ’ ಎಂದರೆ ಬಳಲು. ‘ತಣಿ’ ಎಂದರೆ ತಂಪಾಗು, ತೃಪ್ತಿಗೊಳ್ಳು. ‘ಮನದಣಿಯೆ ಹಾಡಿದರು’, ‘ಕಣ್ದಣಿಯೆ ನೋಡಿದರು’ ಎನ್ನುವಲ್ಲಿ ಇರುವುದು ತಣಿಯೇ, ತಕಾರಕ್ಕೆ ದಕಾರ ಬಂದದ್ದು ಆದೇಶ ಸಂಧಿಯಿಂದ ಎಂದು ನಾನೇ ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಆದರೂ ಕಿವಿ ವ್ಯಾಕರಣದ ಮಾತನ್ನು ಕೇಳಬೇಕಲ್ಲ! ಮನಸ್ಸು ದಣಿಯುವಷ್ಟು ಹಾಡಿದರೇ ಅದು ತಣಿಯುವುದೆಂದು ಕಿವಿಗೆ ತೋರುತ್ತದೆ. ‘ದಣಿವಾರಿಸಿಕೊಳ್ಳುವುದು’ ಎಂಬ ನುಡಿಯನ್ನು ನೋಡಿ. ಬಿಸಿ ಹಾಲು ಆರುವಂತೆ, ಒದ್ದೆ ಬಟ್ಟೆ ಆರುವಂತೆ ದಣಿವೂ ಆರಬೇಕು. ಆರುವುದಕ್ಕೆ ಹೊತ್ತು ಹಿಡಿಯುತ್ತದೆ. ಅವಸರಪಡಿಸಿದರೆ ಹಾಲು ನಾಲಗೆಯನ್ನು ಸುಡುತ್ತದೆ, ಬಟ್ಟೆ ಮುಗ್ಗಲು ವಾಸನೆ ಹಿಡಿಯುತ್ತದೆ.

ನಮ್ಮ ಕಾಲದ ವಿಚಿತ್ರವೆಂದರೆ ದಣಿವು ಹೆಚ್ಚಿದೆ, ಶ್ರಮ ಕಡಮೆಯಾಗಿದೆ. ಬೆಳಗಿನಿಂದ ಬೆಂಚಿನ ಮೇಲೆ, ಬಸ್ಸಿನ ಸೀಟಿನ ಮೇಲೆ, ಕೊನೆಗೆ ಮೊಬೈಲ್ ಫೋನನ್ನು ಹಿಡಿದು ಹಾಸಿಗೆಯ ಮೇಲೆ ಕುಳಿತ ತರುಣನೊಬ್ಬ ಸಂಜೆಗೆ ‘ಸುಸ್ತಾಯಿತು’ ಎನ್ನುತ್ತಾನೆ. ಅವನು ಸುಳ್ಳಾಡುತ್ತಿಲ್ಲ. ಕಣ್ಣು ದಣಿದಿದೆ, ಮನಸ್ಸು ದಣಿದಿದೆ. ಕಾಲು ತೋಳುಗಳು ಮಾತ್ರ ಬೆಳಗ್ಗೆ ಎದ್ದಾಗ ಹೇಗಿದ್ದವೋ ಹಾಗೆಯೇ ಇವೆ. ದೇಹದ ಒಂದು ಭಾಗ ನಿದ್ದೆಯನ್ನು ಬೇಡುತ್ತಿರುವಾಗ ಇನ್ನೊಂದು ಭಾಗಕ್ಕೆ ಇನ್ನೂ ದಿನವೇ ಆರಂಭವಾಗಿಲ್ಲ. ಇಂಥವನಿಗೆ ರಾತ್ರಿ ನಿದ್ದೆ ಹತ್ತದಿದ್ದರೆ ಆಶ್ಚರ್ಯವೇನು?

ಕುಳಿತು ದುಡಿಯುವುದಕ್ಕೂ ನಡೆದು ದುಡಿಯುವುದಕ್ಕೂ ಇರುವ ಅಂತರವನ್ನು ಮೊದಲು ಲೆಕ್ಕವಿಟ್ಟು ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನೂ ನಿರ್ವಾಹಕನೂ ಒಂದೇ ಬಗೆಯ ಮನೆಗಳಿಂದ ಬಂದವರು, ಒಂದೇ ಗಾಳಿಯನ್ನು ಉಸಿರಾಡುತ್ತಿದ್ದವರು. ಒಬ್ಬ ದಿನವಿಡೀ ಕುಳಿತಿರುತ್ತಿದ್ದ. ಇನ್ನೊಬ್ಬ ಟಿಕೆಟು ಕೊಡುತ್ತ ಮೇಲಂತಸ್ತಿಗೆ ಹತ್ತಿ ಇಳಿಯುತ್ತಿದ್ದ, ದಿನಕ್ಕೆ ಸುಮಾರು ೫೦೦ರಿಂದ ೭೫೦ ಮೆಟ್ಟಿಲು. ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ೧೯೫೩ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೃದಯದ ರಕ್ತನಾಳಗಳ ಬೇನೆ ನಿರ್ವಾಹಕರಲ್ಲಿ ಚಾಲಕರಿಗಿಂತ ಗಣನೀಯವಾಗಿ ಕಡಮೆಯಾಗಿತ್ತು. ಅಂಚೆ ಹಂಚುವವರಿಗೂ ಅಂಚೆಕಚೇರಿಯ ಗುಮಾಸ್ತರಿಗೂ ನಡುವೆ ಇಂಥದೇ ಅಂತರ ಕಂಡಿತು. ಮಾರಿಸ್ ಅವರು ೯೯ ವರ್ಷ ಬಾಳಿ ೨೦೦೯ರಲ್ಲಿ ತೀರಿಕೊಂಡರು. ನಮ್ಮೂರ ಬಸ್ಸುಗಳಿಗೆ ಮೇಲಂತಸ್ತಿಲ್ಲದಿದ್ದರೂ ಜಾತ್ರೆಯ ದಿನದ ನಿರ್ವಾಹಕನನ್ನು ಕಂಡವರು ಅವನಿಗೆ ಮೆಟ್ಟಿಲು ಬೇರೆ ಬೇಕಿಲ್ಲವೆಂದು ಒಪ್ಪಿಯಾರು.

ಹಾಗಾದರೆ ಎಷ್ಟು ಶ್ರಮ ಸಾಕು? ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷ, ಅದೂ ನಡುತರದ ಶ್ರಮ, ಎಂದಿದೆ. ನಡುತರವೆಂದರೇನು? ಮಾತನಾಡಲು ಉಸಿರಿರಬೇಕು, ಹಾಡಲು ಉಸಿರು ಸಾಲದಂತಿರಬೇಕು—ಇಂದಿನ ವೈದ್ಯರು ಹೇಳುವ ಸುಲಭದ ಅಳತೆ ಇದು. ನಮ್ಮ ಸುಶ್ರುತನೂ ಉಸಿರನ್ನೇ ಅಳತೆಗೋಲಾಗಿ ಹಿಡಿದಿದ್ದನು. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕು, ಮೀರಿದರೆ ಅದೇ ಕೊಲ್ಲುತ್ತದೆ. ಎದೆಯ ವಾಯು ಬಾಯಿಗೆ ಬಂದಿತೆಂದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು ಎಂಬುದು ಅವನ ಅಭಿಪ್ರಾಯ. ಉಳಿದ ಅರ್ಧ ಯಾತಕ್ಕೆಂದು ಕೇಳುವ ವಿದ್ಯಾರ್ಥಿ ಇದ್ದೇ ಇರುತ್ತಾನೆ. ಮನೆಗೆ ಹಿಂದಿರುಗಲು, ಉಂಡದ್ದನ್ನು ಅರಗಿಸಿಕೊಳ್ಳಲು, ನಾಳೆ ಮತ್ತೆ ಏಳಲು, ಅಪ್ಪಾ!

ಹಾಡಿನ ಮಾತು ಬಂದುದರಿಂದ ಬೀಸುವ ಪದಗಳ ಬಳಿ ಕೊಂಚ ನಿಲ್ಲಬೇಕು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಾಗ ನಮ್ಮ ವಿದ್ವಾಂಸರು ಅದರ ಕಾವ್ಯಗುಣಕ್ಕೆ ಬೆರಗಾದರು. ತವರು, ಅಣ್ಣ, ಕೂಸು, ಶಿವ—ಎಲ್ಲವನ್ನೂ ಮೆಚ್ಚಿದೆವು. ಆ ಹಾಡುಗಳು ಒಂದು ಭಾರವಾದ ಕಲ್ಲಿನ ಸುತ್ತ, ಬೆಳಕು ಹರಿಯುವ ಮುನ್ನ, ಎದುರುಬದುರು ಕುಳಿತು ಗೂಟ ಹಿಡಿದ ಕೈಗಳಿಂದ ಹುಟ್ಟಿದವೆಂಬುದನ್ನು ಪೀಠಿಕೆಯಲ್ಲಿ ಓದಿ ಮರೆತೆವು. ತ್ರಿಪದಿಯ ಮೂರನೆಯ ಸಾಲು ಮೊದಲೆರಡಕ್ಕಿಂತ ಕಿರಿದು. ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತಾರೆ. ಒಬ್ಬಳು ಸಾಲನ್ನು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಂದಿರುಗಿಸುವಳು. ಅಷ್ಟರಲ್ಲಿ ಮೊದಲಿನವಳಿಗೆ ಉಸಿರು. ಛಂದಸ್ಸಿನ ಪಾಠದಲ್ಲಿ ಅಂಶಗಣಗಳನ್ನು ಎಣಿಸಿ ಮುಗಿಸುವ ನಾವು, ಆ ಸಾಲುಗಳ ಅಳತೆಯಲ್ಲಿ ಶ್ವಾಸಕೋಶದ ಲೆಕ್ಕವೂ ಸೇರಿದೆಯೆಂದು ಹೇಳಿದರೆ ವಿದ್ಯಾರ್ಥಿಗಳಿಗೆ ತ್ರಿಪದಿ ಇನ್ನಷ್ಟು ಹತ್ತಿರವಾದೀತು. ಕಲ್ಲು ತಿರುಗುತ್ತಿರುವಾಗ ಹಾಡು ನಿಲ್ಲಲಿಲ್ಲವೆಂದರೆ ಕೈ ತನ್ನ ಅಳವನ್ನು ಮೀರಿಲ್ಲವೆಂದು ಅರ್ಥ. ಹಾಡು ತುಂಡಾಯಿತೆಂದರೆ ಗೂಟವನ್ನು ಬಿಡುವ ಹೊತ್ತು ಬಂತು. ಸುಶ್ರುತನನ್ನು ಓದದ ಅಕ್ಷರ ಬಾರದ ಹೆಂಗಸರು ಅವನ ಸೂತ್ರವನ್ನು ಹೀಗೆ ಪಾಲಿಸಿದರು. ಇದರಲ್ಲಿ ಬರಿಯ ರಮ್ಯತೆಯನ್ನು ಕಾಣುವುದು ತಪ್ಪು. ಬೀಸಿದವಳಿಗೆ ಅನಂತರ ನೀರು ತರುವುದಿತ್ತು, ಹೊಲಕ್ಕೆ ಹೋಗುವುದಿತ್ತು.

ಗಂಡಸರ ಪಾಲಿಗೆ ಗರಡಿಮನೆಯಿತ್ತು. ಮೈಸೂರಿನ ಹಳೆಯ ಕೇರಿಗಳಲ್ಲಿ ಈಗಲೂ ಉಳಿದಿರುವ ಗರಡಿಗಳ ತಗ್ಗು ಬಾಗಿಲನ್ನು ಬಗ್ಗಿ ದಾಟಿದರೆ ಕೆಂಪು ಮಟ್ಟಿಯ ಕಣ, ಗದೆ, ಲೋಡು, ಗೋಡೆಯ ಮೇಲೆ ಆಂಜನೇಯ. ದಂಡ, ಬಸ್ಕಿ, ಸಾಮು ಎಲ್ಲ ಎಣಿಕೆಯಿಂದ ನಡೆಯುತ್ತವೆ; ಎಣಿಕೆಯನ್ನು ದಿನದಿನಕ್ಕೆ ಏರಿಸುವವನು ಉಸ್ತಾದ, ಕಲಿಯುವ ಹುಡುಗನಲ್ಲ. ಹುಮ್ಮಸ್ಸಿನ ಹುಡುಗ ಇಂದೇ ನೂರು ಬಸ್ಕಿ ಹೊಡೆಯುತ್ತೇನೆಂದರೆ ಒಳ್ಳೆಯ ಉಸ್ತಾದ ಬಿಡುವುದಿಲ್ಲ.

ಈ ಬಿಡದಿರುವಿಕೆಯ ಬೆಲೆ ಏನೆಂಬುದಕ್ಕೆ ಓಟದ ಚರಿತ್ರೆಯಲ್ಲಿ ಒಂದು ಚೊಕ್ಕ ನಿದರ್ಶನ ಸಿಗುತ್ತದೆ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡುವುದು ಮನುಷ್ಯಸಾಧ್ಯವೇ ಎಂದು ಲೋಕ ಚರ್ಚಿಸುತ್ತಿದ್ದ ಕಾಲ. ರೋಜರ್ ಬ್ಯಾನಿಸ್ಟರ್ ಲಂಡನ್ನಿನಲ್ಲಿ ವೈದ್ಯವಿದ್ಯಾರ್ಥಿ. ಆಸ್ಪತ್ರೆಯ ಕೆಲಸದ ನಡುವೆ ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬರುತ್ತಿದ್ದ. ಮೈಲಿಯ ಕಾಲುಭಾಗವನ್ನು ಒಂದೇ ವೇಗದಲ್ಲಿ ಹತ್ತು ಸಲ ಓಡುವುದು, ಪ್ರತಿಸಲದ ನಡುವೆ ಎರಡು ನಿಮಿಷ ದಣಿವಾರಿಸಿಕೊಳ್ಳುವುದು—ಇದು ಅವನೂ ಅವನ ಗೆಳೆಯರಾದ ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಅವರೂ ನಡೆಸಿದ ಅಭ್ಯಾಸ. ೧೯೫೩ರ ಕೊನೆಯಿಂದ ೧೯೫೪ರ ಏಪ್ರಿಲ್‌ವರೆಗೆ ಒಂದೊಂದು ಸುತ್ತಿನ ಹೊತ್ತು ೬೬ ಸೆಕೆಂಡಿನಿಂದ ೬೧ಕ್ಕೆ ಇಳಿಯಿತು. ಅಲ್ಲಿಗೆ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ೬೦ ದಾಟಲಿಲ್ಲ. ನಮ್ಮಲ್ಲಾಗಿದ್ದರೆ ‘ಇನ್ನೂ ಓಡು’ ಎನ್ನುತ್ತಿದ್ದೆವು. ಪರೀಕ್ಷೆಯಲ್ಲಿ ಅಂಕ ಕಡಮೆ ಬಂದ ಹುಡುಗನಿಗೆ ‘ಇನ್ನೂ ಎರಡು ಗಂಟೆ ಹೆಚ್ಚು ಓದು’ ಎನ್ನುವುದಿಲ್ಲವೆ? ಬ್ಯಾನಿಸ್ಟರನೂ ಬ್ರಾಷರನೂ ಓಟವನ್ನೇ ಬಿಟ್ಟು ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಗೆ ಹೊರಟುಹೋದರು. ಅಲ್ಲಿ ಅವರು ಕಾಲು ಚಾಚಿ ಮಲಗಲಿಲ್ಲ, ಬಂಡೆಗಳನ್ನು ಹತ್ತಿದರು. ಕೆಲವು ದಿನಗಳ ತರುವಾಯ ಹಿಂದಿರುಗಿ ಓಡಿದಾಗ ಸುತ್ತಿಗೆ ೫೯ ಸೆಕೆಂಡು. ಕೊನೆಯ ಐದು ದಿನಗಳಲ್ಲಿ ಬ್ಯಾನಿಸ್ಟರ್ ಕಠಿಣವಾದ ಅಭ್ಯಾಸವನ್ನೆಲ್ಲ ನಿಲ್ಲಿಸಿದ. ೧೯೫೪ರ ಮೇ ೬ರಂದು ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಮೈದಾನದಲ್ಲಿ ೩ ನಿಮಿಷ ೫೯.೪ ಸೆಕೆಂಡಿನಲ್ಲಿ ಮೈಲಿಯನ್ನು ಮುಗಿಸಿದ. ಮುಂದೆ ಅವನು ಹೆಸರಾಂತ ನರರೋಗ ತಜ್ಞನಾದನು.

ಇದರ ಒಳಗುಟ್ಟನ್ನು ಶರೀರಶಾಸ್ತ್ರ ಈಗ ಸಾಕಷ್ಟು ಬಿಡಿಸಿ ಹೇಳಬಲ್ಲದು. ದುಡಿಯುವಾಗ ಸ್ನಾಯು ಬಲವಾಗುವುದಿಲ್ಲ. ದುಡಿಯುವಾಗ ಅದರ ಎಳೆಗಳು ಅಲ್ಲಲ್ಲಿ ಹರಿಯುತ್ತವೆ, ಒಳಗಿನ ಸಕ್ಕರೆಯ ದಾಸ್ತಾನು ಕರಗುತ್ತದೆ. ಬಲ ಬರುವುದು ಹರಿದದ್ದನ್ನು ಹೊಲಿಯುವಾಗ, ಖಾಲಿಯಾದ ಕಣಜವನ್ನು ಮತ್ತೆ ತುಂಬುವಾಗ. ಆ ಹೊಲಿಗೆಯ ಬಹುಭಾಗ ನಿದ್ದೆಯಲ್ಲಿ ನಡೆಯುತ್ತದೆ. ಮೈಯ ಬೆಳವಣಿಗೆಗೂ ದುರಸ್ತಿಗೂ ಬೇಕಾದ ಹಾರ್ಮೋನು ರಕ್ತಕ್ಕೆ ಹೆಚ್ಚಾಗಿ ಸುರಿಯುವುದು ರಾತ್ರಿಯ ಮೊದಲ ಭಾಗದ ಗಾಢನಿದ್ದೆಯಲ್ಲಿ.

ನಿದ್ದೆಯ ಬಗೆಗಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ, ಗಾಢನಿದ್ದೆ, ಮುಂಜಾವದ ಸಕ್ಕರೆನಿದ್ದೆ. ೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ನಥಾನಿಯಲ್ ಕ್ಲೈಟ್‌ಮನ್, ಯೂಜೀನ್ ಅಸೆರಿನ್‌ಸ್ಕಿ ಅವರು ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ನಿದ್ರಾವಸ್ಥೆಯೊಂದನ್ನು ಗುರುತಿಸಿ ಪ್ರಕಟಿಸಿದರು; ಕನಸುಗಳ ಸಂತೆ ಕೂಡುವುದು ಹೆಚ್ಚಾಗಿ ಅಲ್ಲಿಯೇ. ರಾತ್ರಿಯಲ್ಲಿ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಈ ಚಕ್ರ ಸುತ್ತುತ್ತದೆ. ಗಾಢನಿದ್ದೆ ಇರುಳಿನ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ದೆ ನಸುಕಿನ ಕಡೆಗೆ ಹೆಚ್ಚು. ಸಕ್ಕರೆನಿದ್ದೆಗೆ ಆ ಹೆಸರಿಟ್ಟವರು ಯಂತ್ರವಿಲ್ಲದೆಯೇ ಇದನ್ನು ಸವಿದು ಬಲ್ಲವರು. ಪರೀಕ್ಷೆಗೆಂದು ಮೂರೂವರೆಗೆ ಗಡಿಯಾರ ಬಡಿಸಿಕೊಂಡು ಏಳುವ ಹುಡುಗ ಕತ್ತರಿಸಿ ಎಸೆಯುವುದು ಈ ಭಾಗವನ್ನೇ.

ಅವನು ಕಳೆದುಕೊಳ್ಳುವುದು ಸವಿಯನ್ನಷ್ಟೇ ಎಂದುಕೊಳ್ಳಬಾರದು. ೧೯೨೪ರಷ್ಟು ಹಿಂದೆಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆಸಿದರು. ಕಲಿತು ಮಲಗಿ ಎದ್ದಾಗ ಎಷ್ಟು ನೆನಪಿತ್ತು, ಕಲಿತು ಅಷ್ಟೇ ಹೊತ್ತು ಎಚ್ಚರವಾಗಿದ್ದಾಗ ಎಷ್ಟು ನೆನಪಿತ್ತು ಎಂದು ಹೋಲಿಸಿದರು. ಮಲಗಿದಾಗಲೇ ಹೆಚ್ಚು ಉಳಿದಿತ್ತು. ಇಬ್ಬರೇ ವಿದ್ಯಾರ್ಥಿಗಳ ಮೇಲಿನ ಪ್ರಯೋಗವೆಂದು ಮೂಗೆಳೆಯಬೇಕಾಗಿಲ್ಲ. ಅಂದಿನಿಂದ ನಡೆದ ಎಷ್ಟೋ ಪ್ರಯೋಗಗಳು ಅದೇ ದಿಕ್ಕಿನಲ್ಲಿ ಸಾಗಿವೆ. ನಿದ್ದೆಯಲ್ಲಿ ಮೆದುಳು ಹಗಲು ಕಲಿತದ್ದನ್ನು ಒಪ್ಪಓರಣ ಮಾಡಿ ಕಪಾಟಿಗೆ ಸೇರಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದುವವನು ಪುಸ್ತಕಗಳನ್ನು ತಂದು ತಂದು ನಡುಮನೆಯಲ್ಲಿ ರಾಶಿ ಹಾಕುತ್ತಾನೆ. ಜೋಡಿಸುವವನನ್ನು ಮನೆಯೊಳಗೆ ಬಿಡುವುದಿಲ್ಲ.

‘ಕಾಫಿ ಕುಡಿದರಾಯಿತಲ್ಲ, ಸಾರ್’ ಎನ್ನುತ್ತಾರೆ. ಚಿಕ್ಕಮಗಳೂರು, ಕೊಡಗುಗಳ ನಾಡಿನಲ್ಲಿ ಹುಟ್ಟಿ ನಾನು ಕಾಫಿಯನ್ನು ನಿಂದಿಸಲಾರೆ. ಈ ಲೇಖನವೇ ಎರಡು ಲೋಟಗಳ ನಡುವೆ ಬರೆದದ್ದು. ಆದರೆ ಅದರ ಕೆಲಸ ಇಷ್ಟೆ: ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ, ದಣಿದಿದ್ದೀಯೆ ಎಂದು ಸುದ್ದಿ ಮುಟ್ಟಿಸುತ್ತದೆ. ಕಾಫಿಯ ಕೆಫೀನು ಆ ಸುದ್ದಿ ಒಳಹೋಗುವ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ಸುದ್ದಿ ನಿಂತಿತು, ದಣಿವು ನಿಂತಿಲ್ಲ. ಸಂಜೆ ಕುಡಿದ ಲೋಟದ ಅರ್ಧದಷ್ಟು ಕೆಫೀನು ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲಿ ಸುತ್ತುತ್ತಿರುತ್ತದೆ.

ಮೇಲೆ ಹೇಳಿದ ಕ್ಲೈಟ್‌ಮನ್ನರೇ ೧೯೩೮ರಲ್ಲಿ ತಮ್ಮ ಶಿಷ್ಯ ರಿಚರ್ಡ್‌ಸನ್ನನೊಡನೆ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ೩೨ ದಿನ ಹಗಲುಬೆಳಕನ್ನು ಕಾಣದೆ ಇದ್ದು ಬಂದರು. ದಿನಕ್ಕೆ ೨೪ರ ಬದಲು ೨೮ ಗಂಟೆಯೆಂದು ಇಟ್ಟುಕೊಂಡರೆ ಮೈ ಒಪ್ಪುವುದೇ ಎಂದು ನೋಡುವುದು ಅವರ ಉದ್ದೇಶ. ತರುಣ ಶಿಷ್ಯ ಒಂದು ವಾರದಲ್ಲಿ ಹೊಂದಿಕೊಂಡ. ನಲವತ್ತು ದಾಟಿದ ಗುರುವಿನ ಮೈ ಕಡೆಯವರೆಗೂ ಒಪ್ಪಲಿಲ್ಲ. ನಾನು ಗುರುವಿನ ವಯಸ್ಸಿನವನಾದ್ದರಿಂದ ಈ ಫಲಿತಾಂಶವನ್ನು ಸಹಾನುಭೂತಿಯಿಂದ ಓದಿದೆ. ಒಳಗಿನ ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ ೨೦೧೭ರ ನೊಬೆಲ್ ಪಾರಿತೋಷಕ ಬಂತು.

ಉಪಾಧ್ಯಾಯರಿಗೆ ಸಂಬಂಧಪಟ್ಟ ಸಂಗತಿಯೊಂದನ್ನು ಬಿಡಲಾರೆ. ಇಟಲಿಯ ಟ್ಯೂರಿನ್ನಿನಲ್ಲಿ ಆಂಜೆಲೋ ಮೊಸ್ಸೋ ಎಂಬ ಶರೀರಶಾಸ್ತ್ರಜ್ಞನಿದ್ದನು. ಬೆರಳೊಂದು ತೂಕವನ್ನು ಎತ್ತಿ ಎತ್ತಿ ಸೋಲುವುದನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಕಟ್ಟಿ, ೧೮೯೧ರಲ್ಲಿ ದಣಿವಿನ ಮೇಲೆಯೇ ಪುಸ್ತಕ ಬರೆದನು. ಸಹೋದ್ಯೋಗಿಯೊಬ್ಬರ ಬೆರಳನ್ನು ಅವರು ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸುವ ಮೊದಲೂ ಆಮೇಲೂ ಅಳೆದನು. ಪರೀಕ್ಷೆಯ ತರುವಾಯ ಬೆರಳು ಬೇಗನೆ ಸೋತಿತು! ಆ ಬೆರಳು ಮಧ್ಯೆ ಯಾವ ಭಾರವನ್ನೂ ಎತ್ತಿರಲಿಲ್ಲ. ೨೦೦೯ರಲ್ಲಿ ಮಾರ್ಕೋರಾ ಎಂಬ ಸಂಶೋಧಕರೂ ಸಂಗಡಿಗರೂ ಇದನ್ನು ಸೈಕಲ್ ತುಳಿಸಿ ನೋಡಿದರು. ತೊಂಬತ್ತು ನಿಮಿಷ ಮನಸ್ಸನ್ನು ದಣಿಸಿದ ಮೇಲೆ ತುಳಿಯಲು ಕುಳಿತವರು ಬೇಗ ಕೈಚೆಲ್ಲಿದರು. ಹೃದಯವಾಗಲಿ ಸ್ನಾಯುವಾಗಲಿ ಸೋತಿರಲಿಲ್ಲ, ಅದೇ ಕೆಲಸ ಹೆಚ್ಚು ಭಾರವೆಂದು ತೋರಿತ್ತು. ಮೌಲ್ಯಮಾಪನ ಕೇಂದ್ರದಿಂದ ಸಂಜೆ ಹೊರಬಂದು ಬಸ್ಸಿನ ಕಂಬಿ ಹಿಡಿದು ನೇತಾಡುವ ನಮ್ಮವರನ್ನು ನೋಡಿ ‘ಕುಳಿತು ಮಾಡುವ ಕೆಲಸಕ್ಕೆ ಇಷ್ಟೊಂದು ದಣಿವೇ’ ಎನ್ನುವವರಿಗೆ ಮೊಸ್ಸೋ ಉತ್ತರ ಕೊಟ್ಟಿದ್ದಾನೆ.

ನಿದ್ದೆಯನ್ನು ಗೆಲ್ಲುವುದು ನಮ್ಮಲ್ಲಿ ದೊಡ್ಡ ಗುಣವೆಂದು ಹೆಸರಾಗಿದೆ. ಅರ್ಜುನನಿಗೆ ಗುಡಾಕೇಶನೆಂಬ ಹೆಸರು. ನಿದ್ರೆಗೆ ಒಡೆಯನಾದವನು ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಅಧಿಕಾರಿಗಳು, ಕೋಚಿಂಗ್ ತರಗತಿಯವರು, ನಾಲ್ಕೇ ಗಂಟೆ ಮಲಗುತ್ತೇನೆಂದು ಜಂಬ ಕೊಚ್ಚುವ ದೊಡ್ಡವರು ಈ ಹೆಸರನ್ನು ಕೇಳಿದರೆ ಹಿಗ್ಗಿಯಾರು. ಅವರು ವ್ಯಾಸಭಾರತದ ದ್ರೋಣಪರ್ವವನ್ನು ತೆರೆಯಬೇಕು. ಹದಿನಾಲ್ಕನೆಯ ದಿನ ಸೈಂಧವ ಸತ್ತರೂ ಯುದ್ಧ ನಿಲ್ಲದೆ ಇರುಳಿಗೂ ಹರಿಯಿತು, ಘಟೋತ್ಕಚನೂ ಬಿದ್ದನು. ಕಗ್ಗತ್ತಲೆಯಲ್ಲಿ ಎರಡು ಕಡೆಯ ಯೋಧರೂ ನಿದ್ದೆಗಣ್ಣಿನಲ್ಲಿ ತಮ್ಮವರು ಯಾರು, ಪರರು ಯಾರು ಎಂದು ಅರಿಯದೆ ಹೊಡೆದಾಡುತ್ತಿದ್ದರು. ಆಗ ಎಲ್ಲರೂ ಇದ್ದಲ್ಲಿಯೇ ಮಲಗಿರಿ, ಚಂದ್ರೋದಯವಾದ ಮೇಲೆ ಕಾದೋಣ ಎಂದು ಕೂಗಿ ಹೇಳಿದವನು ಯಾರು? ಆ ಗುಡಾಕೇಶನೇ. ಕೌರವಸೇನೆಯೂ ಒಪ್ಪಿತು. ಆನೆಯ ಹೆಗಲ ಮೇಲೆ, ರಥದ ಹಲಗೆಯ ಮೇಲೆ, ಕುದುರೆಯ ಬೆನ್ನಿನ ಮೇಲೆ, ಬರಿನೆಲದ ಮೇಲೆ ಒರಗಿದ ಆ ಜನ, ನಾಳೆ ತಮ್ಮನ್ನು ಕೊಲ್ಲಲಿರುವ ಅರ್ಜುನನನ್ನೇ ಹರಸಿ ಕಣ್ಣುಮುಚ್ಚಿದರು. ಇಡೀ ಭಾರತಯುದ್ಧದಲ್ಲಿ ಉಭಯ ಪಕ್ಷದವರೂ ಒಟ್ಟಾಗಿ ಒಬ್ಬನನ್ನು ಹೊಗಳಿದ ಇಂಥ ಗಳಿಗೆಗಳು ವಿರಳ. ತನ್ನ ನಿದ್ದೆಯನ್ನು ಗೆದ್ದವನಿಗೆ ಪರರ ನಿದ್ದೆಯ ಬೆಲೆ ಗೊತ್ತಿತ್ತು.

ಪರರ ನಿದ್ದೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೇಳದೆ ವಿಶ್ರಾಂತಿಯ ಉಪದೇಶ ಮಾಡುವುದು ನನಗೆ ಒಗ್ಗದು. ವಯಸ್ಕರಿಗೆ ಏಳು ಗಂಟೆಯ ನಿದ್ದೆಯಾದರೂ ಬೇಕೆಂದು ತಜ್ಞರು ಹೇಳುತ್ತಾರೆ. ಎಲ್ಲರಿಗಿಂತ ಕಡೆಯಲ್ಲಿ ಮಲಗಿ ಎಲ್ಲರಿಗಿಂತ ಮೊದಲು ಏಳುವ ಗೃಹಿಣಿಯ ಏಳು ಗಂಟೆಯನ್ನು ಯಾರು ಎಣಿಸಿದ್ದಾರೆ? ಬೀಸುವ ಕಲ್ಲು ಹೋಯಿತು, ಮಿಕ್ಸಿ ಬಂತು. ಆರೂವರೆಯ ಡಬ್ಬಿ ಹೋಗಲಿಲ್ಲ. ಕಾರ್ಖಾನೆಗಳ ಮಟ್ಟಿಗೆ ಲೆಕ್ಕವಾದರೂ ಇತ್ತು. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊತ್ತಮೊದಲ ಒಡಂಬಡಿಕೆ ದಿನಕ್ಕೆ ೮ ಗಂಟೆಯ ದುಡಿಮೆಯೆಂದಿತು. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆ ದಿನಕ್ಕೆ ೯, ವಾರಕ್ಕೆ ೪೮ ಗಂಟೆಯ ಮಿತಿಯನ್ನೂ, ಐದು ಗಂಟೆ ದುಡಿದ ಮೇಲೆ ಅರ್ಧಗಂಟೆಯ ವಿಶ್ರಾಂತಿಯನ್ನೂ ಬರೆದಿಟ್ಟಿತು. ೨೦೨೩ರಲ್ಲಿ ಕರ್ನಾಟಕವು ಆ ಕಾಯಿದೆಗೆ ತಂದ ತಿದ್ದುಪಡಿ, ವಾರದ ಮಿತಿಯನ್ನು ಉಳಿಸಿಕೊಂಡು, ದಿನದ ದುಡಿಮೆಯನ್ನು ೧೨ ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. ವಾರದ ಕೂಡಿಕೆ ಕಾಗದದ ಮೇಲೆ ಸರಿಹೋಗುತ್ತದೆ. ಮೈ ಮಾತ್ರ ದಿನದ ಲೆಕ್ಕವನ್ನು ದಿನವೇ ಕೇಳುತ್ತದೆ.

ಬೆಳಗಿನ ಮೊದಲ ಅವಧಿಗೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬರುತ್ತಾನೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಕೇಶಿರಾಜನ ಸೂತ್ರ ಎರಡನೆಯದಕ್ಕೆ ಬರುವಷ್ಟರಲ್ಲಿ ಅವನ ತಲೆ ಬೆಂಚಿಗೆ ತಾಗುತ್ತದೆ, ಅಕ್ಕಪಕ್ಕದವರು ಕಿಸಕ್ಕನೆ ನಗುತ್ತಾರೆ. ಒಂದು ದಿನ ಎಲ್ಲರೂ ಹೋದ ಮೇಲೆ ಕೇಳಿದೆ: “ಏನಪ್ಪಾ, ರಾತ್ರಿಯೆಲ್ಲ ಫೋನ್ ನೋಡ್ತೀಯೇನು?”

“ಇಲ್ಲ ಸಾರ್. ಪೆಟ್ರೋಲ್ ಬಂಕಿನಲ್ಲಿ ನೈಟ್ ಡ್ಯೂಟಿ. ಹತ್ತರಿಂದ ಆರು.”

“ಹಗಲು ಮಲಗೋದಿಲ್ಲವೆ?”

“ರೂಮಿನಲ್ಲಿ ನಾಲ್ಕು ಜನ ಇದ್ದೀವಿ ಸಾರ್. ಮಧ್ಯಾಹ್ನ ಒಂದೊಂದು ದಿನ ಆಗುತ್ತೆ.” ಸ್ವಲ್ಪ ತಡೆದು, “ಅಟೆಂಡೆನ್ಸ್ ಹೋಗುತ್ತೆ ಅಂತ ಬರ್ತೀನಿ ಸಾರ್” ಎಂದ.

ಬಂಕಿನವರು ಸಂಬಳ ಸರಿಯಾಗಿ ಕೊಡುತ್ತಾರೆಯೇ ಎಂದು ಕೇಳಿದೆ, ಕೊಡುತ್ತಾರಂತೆ. ಹಗಲಿನ ಪಾಳಿ ಸಿಕ್ಕೀತೇ ಎಂದೆ. ಹಗಲಾದರೆ ಕಾಲೇಜು ಬಿಡಬೇಕು ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಇಬ್ಬರೂ ಕೂತು ತುಂಬಿದ್ದೇವೆ, ಫಲಿತಾಂಶ ಇನ್ನೂ ಬಂದಿಲ್ಲ. ಚರಕನು ಹಗಲುನಿದ್ದೆಯನ್ನು ಬೇಸಿಗೆಯ ಹೊರತು ಸಾಮಾನ್ಯವಾಗಿ ನಿಷೇಧಿಸಿದವನು. ಆದರೆ ಅವನೇ ಕೆಲವರಿಗೆ ಎಲ್ಲ ಕಾಲದಲ್ಲೂ ವಿನಾಯಿತಿ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಭಾರ ಹೊತ್ತು ಬಳಲಿದವರು, ದಾರಿ ನಡೆದು ಬಳಲಿದವರು, ಹಾಡಿ ಬಳಲಿದವರು, ಅಧ್ಯಯನ ಮಾಡಿ ಬಳಲಿದವರು ಸೇರಿದ್ದಾರೆ. ಪುಸ್ತಕಭಂಡಾರದ ಹಿಂಬದಿಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳಿರುವ ಕಡೆ, ಕಿಟಕಿಯ ಪಕ್ಕ ಒಂದು ಉದ್ದನೆಯ ಬೆಂಚಿದೆ. ಭಂಡಾರದ ಸಹಾಯಕರಿಗೆ ಹೇಳಿಟ್ಟಿದ್ದೇನೆ. ಎರಡನೆಯ ಅವಧಿ ಖಾಲಿಯಿರುವ ದಿನ ಅವನು ಚೀಲವನ್ನು ತಲೆದಿಂಬು ಮಾಡಿಕೊಂಡು ಅಲ್ಲಿ ಮಲಗುತ್ತಾನೆ. ಮೂರನೆಯ ಗಂಟೆ ಬಾರಿಸುವ ಐದು ನಿಮಿಷ ಮೊದಲು ಅವರು ಹೋಗಿ ಅವನ ಭುಜವನ್ನು ಮೆಲ್ಲಗೆ ಅಲುಗಿಸುತ್ತಾರೆ.